ವಿಮೆಯ ಕರಾರುಪತ್ರವನ್ನು ಓದದೆ ಪೆಟ್ಟಿಗೆಗೆ ಇಡದಿರಿ



ನಮ್ಮ ಮನೆಗಳಲ್ಲಿ ಹಿರಿಯರ ಕಾಲದ ಒಂದು ಪೆಟ್ಟಿಗೆ ಇರುತ್ತದೆ. ಹೊಲದ ಪಹಣಿ, ಮನೆಯ ಉತಾರ, ಖರೀದಿಪತ್ರ, ಮಕ್ಕಳ ಪರೀಕ್ಷೆಯ ಪ್ರಮಾಣಪತ್ರಗಳು ಇವೆಲ್ಲವೂ ಅದರಲ್ಲಿ ಭದ್ರವಾಗಿರುತ್ತವೆ. ಹೊಲ ಕೊಳ್ಳುವಾಗ ನಾವು ಚಕ್ಕುಬಂದಿಯನ್ನು ಎರಡು ಬಾರಿ ಓದಿಸಿ ಕೇಳುತ್ತೇವೆ. ಒಂದು ಗುಂಟೆ ಹೆಚ್ಚುಕಡಿಮೆಯಾದರೆ ಸಹಿ ಹಾಕುವುದಿಲ್ಲ. ಆದರೆ ಅದೇ ಪೆಟ್ಟಿಗೆಯ ತಳದಲ್ಲಿ ಯಾರೂ ಓದದೆ ಮಡಚಿಟ್ಟ ಮತ್ತೊಂದು ಕಾಗದವಿರುತ್ತದೆ. ಅದೇ ಜೀವವಿಮೆಯ ಬಾಂಡು. ಮನೆಯ ಯಜಮಾನನು ಹತ್ತಿಪ್ಪತ್ತು ವರ್ಷ ಕಂತು ಕಟ್ಟುವ ಈ ಕರಾರನ್ನು ಒಮ್ಮೆಯೂ ಓದದೆ ಇಡುವುದು ಎಂತಹ ವಿಪರ್ಯಾಸ!

ಒಂದು ಮನೆಯ ಸಂಗತಿಯನ್ನು ಇಲ್ಲಿ ಹೇಳುವುದು ಉಚಿತ. ಧಾರವಾಡ ಸೀಮೆಯ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿಯೊಬ್ಬರು ನಿವೃತ್ತರಾದರು. ಗ್ರಾಚ್ಯುಟಿಯ ಹಣ ಕೈಗೆ ಬಂದಿತು. ಪರಿಚಯದ ಏಜೆಂಟನೊಬ್ಬ ಮನೆಗೆ ಬಂದು, “ಅಕ್ಕೋರ, ಒಂದು ಲಕ್ಷ ತುಂಬ್ರಿ. ಬ್ಯಾಂಕಿನ ಠೇವಿನಂಗ ಇದು. ಐದು ವರ್ಷಕ್ಕ ದುಪ್ಪಟ್ಟು ಆಗ್ತದ” ಎಂದನು. ಅವರು ನಂಬಿ, ತೋರಿಸಿದ ಕಡೆಯಲ್ಲೆಲ್ಲ ಸಹಿ ಮಾಡಿದರು. ಬಾಂಡು ಬಂದಿತು, ಪೆಟ್ಟಿಗೆ ಸೇರಿತು. ಮರುವರ್ಷ ಮತ್ತೊಂದು ಲಕ್ಷ ರೂಪಾಯಿ ಕಟ್ಟಬೇಕೆಂದು ಪತ್ರ ಬಂದಾಗಲೇ ಅವರಿಗೆ ಎಚ್ಚರವಾದದ್ದು. ಅದು ಠೇವಣಿಯಾಗಿರಲಿಲ್ಲ. ಹತ್ತು ವರ್ಷ ಕಂತು ಕಟ್ಟಬೇಕಾದ ಯೂನಿಟ್ ಆಧಾರಿತ ಜೀವವಿಮೆಯಾಗಿತ್ತು. ಇದು ಅವರೊಬ್ಬರ ಕಥೆಯಲ್ಲ. ಅನೇಕ ಮನೆಗಳಲ್ಲಿ ನಡೆದಿರುವ, ನಡೆಯುತ್ತಿರುವ ಸಂಗತಿ. ಆದುದರಿಂದ ಈ ಬಗೆಯ ವಿಮೆಯ ಕರಾರಿನಲ್ಲಿ ಯಾವ ಯಾವ ಮಾತುಗಳು ಇರಲೇಬೇಕೆಂದು ಕಾನೂನು ವಿಧಿಸಿದೆ, ಅವು ನಮಗೆ ಯಾವ ರಕ್ಷಣೆ ನೀಡುತ್ತವೆ ಎಂಬುದನ್ನು ಈ ತಿಂಗಳು ವಿಚಾರಮಾಡೋಣ.

ಮೊದಲು ಇದರ ಸ್ವರೂಪವನ್ನು ತಿಳಿಯಬೇಕು. ಹಳೆಯ ಮಾದರಿಯ ಜೀವವಿಮೆಯಲ್ಲಿ ಇಂತಿಷ್ಟು ಕಂತು ಕಟ್ಟಿದರೆ ಇಂತಿಷ್ಟು ಹಣವೆಂದು ಸಂಸ್ಥೆಯು ಮಾತು ಕೊಡುತ್ತದೆ. ಹೂಡಿಕೆಯ ಲಾಭನಷ್ಟದ ಹೊಣೆ ಬಹುಮಟ್ಟಿಗೆ ಸಂಸ್ಥೆಯದು. ಯೂನಿಟ್ ಆಧಾರಿತ ವಿಮೆಯಲ್ಲಿ, ಅಂದರೆ ಜನರು ‘ಯುಲಿಪ್’ ಎಂದು ಕರೆಯುವ ಪಾಲಿಸಿಯಲ್ಲಿ, ಕಂತಿನ ಒಂದು ಭಾಗ ಜೀವದ ರಕ್ಷಣೆಗೂ ಖರ್ಚುಗಳಿಗೂ ಹೋಗಿ, ಉಳಿದದ್ದು ಷೇರು ಮತ್ತು ಸಾಲಪತ್ರಗಳ ಮಾರುಕಟ್ಟೆಯಲ್ಲಿ ತೊಡಗುತ್ತದೆ. ಅಮೆರಿಕೆಯಲ್ಲಿ ‘ವೇರಿಯಬಲ್ ಲೈಫ್’ ಎಂಬ ಹೆಸರಿನಿಂದ ಪ್ರಸಿದ್ಧವಾದ ವಿಮೆಯೂ ಇದೇ ಜಾತಿಯದು. ಮೌಲ್ಯವು ಏರಿಳಿಯುವುದೇ ಇದರ ಗುಣ.

ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ವರ್ಷದ ಕಂತು 1,00,000 ರೂಪಾಯಿ, ಆರಂಭದಲ್ಲಿಯೇ ಶೇಕಡಾ 5ರಷ್ಟು ಕಡಿತವೆಂದು ಇಟ್ಟುಕೊಳ್ಳೋಣ. ಉಳಿದ 95,000 ರೂಪಾಯಿಗೆ, ಯೂನಿಟ್ಟಿನ ಅಂದಿನ ಬೆಲೆ 20 ರೂಪಾಯಿ ಇದ್ದರೆ, 4,750 ಯೂನಿಟ್ಟುಗಳು ನಮ್ಮ ಹೆಸರಿಗೆ ಬರುತ್ತವೆ. ಮಾರುಕಟ್ಟೆ ಕುಸಿದು ಆ ಬೆಲೆ 16 ರೂಪಾಯಿಗೆ ಇಳಿದರೆ, ಬೇರೆ ಕಡಿತಗಳನ್ನು ಲೆಕ್ಕಿಸದಿದ್ದರೂ, ನಮ್ಮ ಗಂಟು 76,000 ರೂಪಾಯಿಗೆ ಇಳಿಯುತ್ತದೆ. 25 ರೂಪಾಯಿಗೆ ಏರಿದರೆ 1,18,750 ರೂಪಾಯಿ ಆಗುತ್ತದೆ. ಏರಿದಾಗ ಸಂತೋಷಪಡುವವನು ಇಳಿದಾಗ ಸಹಿಸಲೂ ಸಿದ್ಧನಿರಬೇಕು.

ಭಾರತದಲ್ಲಿ ಈ ಪದ್ಧತಿಯನ್ನು 1971ರಲ್ಲಿ ಯೂನಿಟ್ ಟ್ರಸ್ಟ್ ಆಫ್ ಇಂಡಿಯಾ ಆರಂಭಿಸಿತು. 1999ರ ಕಾಯಿದೆಯ ಮೇಲೆ ವಿಮಾ ನಿಯಂತ್ರಣ ಪ್ರಾಧಿಕಾರವು ನೆಲೆಗೊಂಡು, ಖಾಸಗಿ ಸಂಸ್ಥೆಗಳೂ ಈ ಕ್ಷೇತ್ರಕ್ಕೆ ಬಂದ ನಂತರ ಇದು ಊರೂರಿಗೆ ಹಬ್ಬಿತು. ಕಡಿತಗಳು ಹೆಚ್ಚಾಗಿದ್ದವು, ದೂರುಗಳೂ ಹೆಚ್ಚಿದವು. ಇದು ವಿಮೆಯೋ ಹೂಡಿಕೆಯೋ ಎಂಬ ವಿವಾದವೇ ಎದ್ದಿತು. 2010ರ ಏಪ್ರಿಲ್ 9ರಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು 14 ವಿಮಾ ಸಂಸ್ಥೆಗಳಿಗೆ ತನ್ನ ಅನುಮತಿಯಿಲ್ಲದೆ ಇವನ್ನು ಮಾರಬಾರದೆಂದು ಆದೇಶಿಸಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಸುಗ್ರೀವಾಜ್ಞೆಯ ಮೂಲಕ ಇದು ವಿಮೆಯೇ ಎಂದು ಕೇಂದ್ರ ಸರಕಾರವು ನಿರ್ಣಯಿಸಿತು. 2010ರ ಸೆಪ್ಟೆಂಬರ್ 1ರಿಂದ ಗ್ರಾಹಕರ ಹಿತಕ್ಕಾಗಿ ಹೊಸ ಕಟ್ಟುಪಾಡುಗಳು ಜಾರಿಗೆ ಬಂದವು. ಅವು 2019ರಲ್ಲಿಯೂ 2024ರಲ್ಲಿಯೂ ಪರಿಷ್ಕೃತವಾಗಿವೆ. ನಮ್ಮ ಕೈಯಲ್ಲಿರುವ ಬಾಂಡಿನ ಅನೇಕ ಷರತ್ತುಗಳು ಹೀಗೆ ಜನರು ಕಳೆದುಕೊಂಡ ಹಣದ ಪಾಠದಿಂದ ಹುಟ್ಟಿದವು ಎಂಬುದನ್ನು ಮರೆಯಬಾರದು.

ಈಗ ಒಂದೊಂದಾಗಿ ನೋಡೋಣ.

ಮೊದಲನೆಯದು ಎಚ್ಚರಿಕೆಯ ಮಾತು. ಈ ಪಾಲಿಸಿಯಲ್ಲಿ ಹೂಡಿಕೆಯ ನಷ್ಟಭಯವನ್ನು ಪಾಲಿಸಿದಾರನೇ ಹೊರಬೇಕು ಎಂಬ ಒಕ್ಕಣೆ ಎದ್ದು ಕಾಣುವಂತೆ ಇರಬೇಕು. ಮೊದಲ ಐದು ವರ್ಷಗಳ ಕಾಲ ಹಣವನ್ನು ಪೂರ್ಣವಾಗಿಯಾಗಲಿ ಭಾಗಶಃವಾಗಲಿ ಹಿಂತೆಗೆಯಲಾಗದು ಎಂದೂ ತಿಳಿಸಿರಬೇಕು. ಈ ಎರಡು ವಾಕ್ಯಗಳು ಕಂಡರೆ ಸಾಕು, ಅದು ಬ್ಯಾಂಕಿನ ಠೇವಣಿಯಲ್ಲವೆಂದು ತಿಳಿಯಬೇಕು. ಬಾಯಿಂದ ಯಾರು ಏನೇ ಹೇಳಿರಲಿ, ನಿಲ್ಲುವುದು ಬರಹವೇ. ಇದರ ಜೊತೆಗೆ ಲಾಭದ ನಿದರ್ಶನಪಟ್ಟಿಯೊಂದಿರುತ್ತದೆ. ಹೂಡಿಕೆಯು ಶೇಕಡಾ 4ರಂತೆ ಬೆಳೆದರೆ ಎಷ್ಟು, 8ರಂತೆ ಬೆಳೆದರೆ ಎಷ್ಟು ಎಂದು ಅದರಲ್ಲಿ ವರ್ಷವಾರು ತೋರಿಸಿರುತ್ತಾರೆ. ಇವು ಕೇವಲ ಊಹೆಯ ಅಂಕಿಗಳು, ವಾಗ್ದಾನವಲ್ಲ. ಅದಕ್ಕೆ ನಮ್ಮ ಸಹಿಯನ್ನೂ ಪಡೆಯುತ್ತಾರೆ. ಆ ಶಿಕ್ಷಕಿಯವರ ಪಟ್ಟಿಯಲ್ಲಿ ಹತ್ತು ವರ್ಷಗಳ ಹತ್ತು ಕಂತುಗಳು ಸಾಲಾಗಿ ನಮೂದಾಗಿದ್ದವು, ಕೆಳಗೆ ಅವರದೇ ಸಹಿಯಿತ್ತು. ಸಾವಿರಾರು ಮಕ್ಕಳಿಗೆ ಓದುವುದನ್ನು ಕಲಿಸಿದವರು ತಮ್ಮ ಒಂದು ಪುಟವನ್ನು ಓದದೆ ಹೋದರು.

ಎರಡನೆಯದು ಮರಳಿಸುವ ಹಕ್ಕು. ಎಲ್ಲ ಷರತ್ತುಗಳಲ್ಲಿ ಇದೇ ಅಮೂಲ್ಯವಾದುದು. ಬಾಂಡು ಕೈಸೇರಿದ ದಿನದಿಂದ 30 ದಿನಗಳೊಳಗೆ, ಷರತ್ತುಗಳು ಒಪ್ಪಿಗೆಯಾಗದಿದ್ದರೆ, ಪಾಲಿಸಿಯನ್ನು ಹಿಂದಿರುಗಿಸಬಹುದು. ಮೊದಲು ಸಾಮಾನ್ಯವಾಗಿ 15 ದಿನಗಳ ಅವಕಾಶವಿತ್ತು. 2024ರ ನಿಯಮಗಳು ಅದನ್ನು ಎಲ್ಲರಿಗೂ 30 ದಿನಗಳಿಗೆ ವಿಸ್ತರಿಸಿದವು. ಹಿಂದಿರುಗಿಸಿದಾಗ ಅಂದಿನ ಯೂನಿಟ್ಟುಗಳ ಮೌಲ್ಯವೂ, ಯೂನಿಟ್ಟಾಗದೆ ಉಳಿದ ಕಂತಿನ ಭಾಗವೂ, ಯೂನಿಟ್ ರದ್ದುಮಾಡಿ ಕಡಿದುಕೊಂಡ ಶುಲ್ಕಗಳೂ ಮರಳುತ್ತವೆ. ಅಷ್ಟು ದಿನಗಳ ಜೀವರಕ್ಷಣೆಯ ವೆಚ್ಚ, ವೈದ್ಯಕೀಯ ತಪಾಸಣೆಯ ಖರ್ಚು, ಸ್ಟಾಂಪಿನ ಸುಂಕ ಇವಿಷ್ಟನ್ನೇ ಹಿಡಿಯುತ್ತಾರೆ. ಈಗ ಬಾಂಡು ಅನೇಕ ವೇಳೆ ಮೊಬೈಲಿಗೋ ಇ-ಮೇಲಿಗೋ ಬರುತ್ತದೆ. ಹಿರಿಯರು ಮಗನ ಇ-ಮೇಲ್ ವಿಳಾಸ ಕೊಟ್ಟಿರುತ್ತಾರೆ, ಮಗ ಬೆಂಗಳೂರಿನಲ್ಲಿ ಇರುತ್ತಾನೆ, ಅದನ್ನು ತೆರೆಯುವುದೇ ಇಲ್ಲ. ಇತ್ತ ದಿನಗಳು ಉರುಳುತ್ತವೆ. ಬಂದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿ, ಮೂವತ್ತನೆಯ ದಿನಕ್ಕೂ ಒಂದು ಗುರುತು ಹಾಕಿಡಿರಿ. ಅಟ್ಟ ಮೇಲೆ ಒಲೆ ಉರಿದರೆ ಫಲವೇನು?

ಮೂರನೆಯದು ಮರಣಾನಂತರದ ಹಣ. ವಿಮೆಯ ಮೂಲ ಉದ್ದೇಶವೇ ಇದು. 2019ರ ನಿಯಮಾವಳಿಯ ಪ್ರಕಾರ ವರ್ಷವರ್ಷ ಕಟ್ಟುವ ಪಾಲಿಸಿಯಲ್ಲಿ ವಿಮಾಮೊತ್ತವು ವಾರ್ಷಿಕ ಕಂತಿನ ಕನಿಷ್ಠ 7 ಪಟ್ಟು, ಒಂದೇ ಕಂತಿನದಾದರೆ ಆ ಕಂತಿನ ಒಂದೂಕಾಲು ಪಟ್ಟು ಇರಬೇಕು. ಅಲ್ಲದೆ ಮರಣಕಾಲದಲ್ಲಿ ದೊರೆಯುವ ಹಣವು ಅಲ್ಲಿಯವರೆಗೆ ಕಟ್ಟಿದ ಒಟ್ಟು ಕಂತುಗಳ ಶೇಕಡಾ 105ಕ್ಕಿಂತ ಕಡಿಮೆಯಾಗಬಾರದು. ನಡುವೆ ಹಣ ತೆಗೆದಿದ್ದರೆ ಈ ಲೆಕ್ಕದಲ್ಲಿ ವ್ಯತ್ಯಾಸವಾಗುತ್ತದೆ. ಇಲ್ಲಿ ಮತ್ತೊಂದು ಸೂಕ್ಷ್ಮವಿದೆ. ಕೆಲವು ಪಾಲಿಸಿಗಳಲ್ಲಿ ವಿಮಾಮೊತ್ತ, ಯೂನಿಟ್ಟುಗಳ ಮೌಲ್ಯ ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಮಾತ್ರ ಕೊಡುತ್ತಾರೆ. ಬೇರೆ ಕೆಲವುಗಳಲ್ಲಿ ಎರಡನ್ನೂ ಕೂಡಿಸಿ ಕೊಡುತ್ತಾರೆ. ‘ಯಾವುದು ಹೆಚ್ಚೋ ಅದು’ ಮತ್ತು ‘ಎರಡೂ’ ಎಂಬ ಪದಗಳ ಅಂತರ ಒಂದು ಸಂಸಾರಕ್ಕೆ ಲಕ್ಷಗಟ್ಟಲೆ ರೂಪಾಯಿಗಳ ಅಂತರವಾದೀತು. ಇನ್ನು, ಪಾಲಿಸಿ ಆರಂಭವಾದ ಅಥವಾ ಮರಳಿ ಚಾಲನೆಗೊಂಡ 12 ತಿಂಗಳೊಳಗೆ ಪಾಲಿಸಿದಾರನು ಆತ್ಮಹತ್ಯೆಗೆ ಒಳಗಾದರೆ ವಿಮಾಮೊತ್ತ ದೊರೆಯದು. ಯೂನಿಟ್ಟುಗಳ ಮೌಲ್ಯ ಮಾತ್ರ ಮನೆಯವರಿಗೆ ಸಲ್ಲುತ್ತದೆ.

ನಾಲ್ಕನೆಯದು ಕಡಿತಗಳ ಪಟ್ಟಿ. ಕಂತು ಬಂದೊಡನೆ ಕಡಿಯುವ ಹಂಚಿಕೆ ಶುಲ್ಕ, ಪಾಲಿಸಿಯ ಆಡಳಿತ ಶುಲ್ಕ, ಜೀವರಕ್ಷಣೆಯ ಶುಲ್ಕ, ನಿಧಿಯ ನಿರ್ವಹಣಾ ಶುಲ್ಕ ಇವೆಲ್ಲವನ್ನೂ ಕರಾರಿನಲ್ಲಿ ಬಿಡಿಸಿ ಬರೆದಿರಬೇಕು. ನಿರ್ವಹಣಾ ಶುಲ್ಕವು ವರ್ಷಕ್ಕೆ ನಿಧಿಯ ಮೌಲ್ಯದ ಶೇಕಡಾ 1.35ನ್ನು ಮೀರುವಂತಿಲ್ಲ. ಕಡಿತಗಳೆಲ್ಲ ಸೇರಿ ನಮ್ಮ ಗಳಿಕೆಯ ದರವನ್ನು ತಗ್ಗಿಸುವುದಕ್ಕೂ 2010ರ ಕಟ್ಟುಪಾಡುಗಳು ಮಿತಿ ಹಾಕಿದವು: ಹತ್ತನೆಯ ವರ್ಷದ ಹೊತ್ತಿಗೆ ಶೇಕಡಾ 3, ಹದಿನೈದನೆಯ ವರ್ಷದಿಂದ ಮುಂದೆ ಶೇಕಡಾ 2.25. ಜೀವರಕ್ಷಣೆಯ ಶುಲ್ಕವು ವಯಸ್ಸಿನೊಡನೆ ಏರುತ್ತದೆಂಬುದನ್ನು ಅರಿತಿರಬೇಕು. ಮೂವತ್ತರ ಯುವಕನಿಗೆ ಹಗುರವಾದ ಕಡಿತವು ಅರವತ್ತು ದಾಟಿದವರಿಗೆ ಭಾರವಾಗುತ್ತದೆ. ಯೂನಿಟ್ಟುಗಳನ್ನು ತಿಂಗಳುತಿಂಗಳು ರದ್ದುಮಾಡಿ ಈ ಹಣವನ್ನು ಹಿಡಿಯುವುದರಿಂದ ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ನಿವೃತ್ತರ ಗಂಟಿಗೆ ಇಂತಹ ಪಾಲಿಸಿ ತಕ್ಕುದೇ ಎಂದು ಯೋಚಿಸುವಾಗ ಈ ಒಂದು ಅಂಶವೇ ಮುಖ್ಯವಾಗಬೇಕು.

ಐದನೆಯದು ಐದು ವರ್ಷಗಳ ಬಂಧನ. 2010ಕ್ಕೆ ಮೊದಲು ಮೂರು ವರ್ಷಗಳಾಗಿದ್ದ ಈ ಅವಧಿ ಈಗ ಐದು ವರ್ಷ. ಅಲ್ಲಿಯವರೆಗೆ ಹಣ ಕೈಗೆ ಬಾರದು. ಈ ಪಾಲಿಸಿಯ ಮೇಲೆ ಸಾಲವೂ ಸಿಗದು. ಮಗಳ ಮದುವೆಗೆ, ಬಾವಿ ತೋಡಿಸುವುದಕ್ಕೆ, ಆಸ್ಪತ್ರೆಯ ಖರ್ಚಿಗೆ ಬೇಕಾಗಬಹುದಾದ ಹಣವನ್ನು ಇದರಲ್ಲಿ ತೊಡಗಿಸುವುದು ವಿವೇಕವಲ್ಲ. ಹಾಗಾದರೆ ನಡುವೆ ಕಂತು ಕಟ್ಟಲಾಗದೆ ನಿಂತರೆ ಗತಿಯೇನು? ಕಟ್ಟಿದ್ದೆಲ್ಲವೂ ಮುಳುಗಿತೆಂಬ ಭಯ ಜನರಲ್ಲಿದೆ. ಆ ಭಯವನ್ನೇ ತೋರಿಸಿ ಎರಡನೆಯ ಕಂತನ್ನು ಕಟ್ಟಿಸುವವರೂ ಉಂಟು. ವಸ್ತುಸ್ಥಿತಿ ಹಾಗಿಲ್ಲ. ವಾರ್ಷಿಕ ಕಂತು 50,000 ರೂಪಾಯಿ ಮೀರಿದ್ದರೆ, ಮೊದಲ ವರ್ಷದಲ್ಲಿ ನಿಂತಾಗ ಕಂತು ಅಥವಾ ನಿಧಿಯ ಮೌಲ್ಯ ಇವುಗಳಲ್ಲಿ ಕಡಿಮೆಯಾದುದರ ಶೇಕಡಾ 6, ಹೆಚ್ಚೆಂದರೆ 6,000 ರೂಪಾಯಿ ಕಡಿಯಬಹುದು. ಎರಡನೆಯ ವರ್ಷದಲ್ಲಿ ಶೇಕಡಾ 4, ಹೆಚ್ಚೆಂದರೆ 5,000. ಮೂರನೆಯದರಲ್ಲಿ ಶೇಕಡಾ 3, ಹೆಚ್ಚೆಂದರೆ 4,000. ನಾಲ್ಕನೆಯದರಲ್ಲಿ ಶೇಕಡಾ 2, ಹೆಚ್ಚೆಂದರೆ 2,000. ಐದನೆಯ ವರ್ಷದಿಂದ ಏನೂ ಇಲ್ಲ. ಅದಕ್ಕಿಂತ ಸಣ್ಣ ಕಂತುಗಳಲ್ಲಿ ಶೇಕಡಾವಾರು ಹೆಚ್ಚಾಗಿದ್ದರೂ ಮೊದಲ ವರ್ಷದ ಗರಿಷ್ಠ ಮಿತಿ 3,000 ರೂಪಾಯಿ ಮಾತ್ರ.

ಈಗ ಶಿಕ್ಷಕಿಯವರ ಲೆಕ್ಕವನ್ನು ನೋಡೋಣ. ಎರಡನೆಯ ಕಂತು ಕಟ್ಟದೆ, ರಿಯಾಯಿತಿ ದಿನಗಳು ಮುಗಿದು ಎರಡನೆಯ ವರ್ಷದಲ್ಲಿ ಪಾಲಿಸಿ ನಿಂತರೆ ಅವರಿಂದ ಹಿಡಿಯುವುದು 4,000 ರೂಪಾಯಿಯನ್ನು ಮೀರದು. ಉಳಿದ ನಿಧಿಯು ‘ಸ್ಥಗಿತ ಪಾಲಿಸಿಗಳ ನಿಧಿ’ಗೆ ವರ್ಗವಾಗುತ್ತದೆ. ಅಲ್ಲಿ ವರ್ಷಕ್ಕೆ ಕನಿಷ್ಠ ಶೇಕಡಾ 4ರ ಬಡ್ಡಿಯನ್ನು ನಿಯಮ ಗೊತ್ತುಪಡಿಸಿದೆ. ನಿರ್ವಹಣಾ ಶುಲ್ಕವೂ ಶೇಕಡಾ 0.50ನ್ನು ದಾಟುವಂತಿಲ್ಲ. ಐದು ವರ್ಷ ತುಂಬಿದ ಮೇಲೆ ಹಣ ಕೈಸೇರುತ್ತದೆ. ಜೀವರಕ್ಷಣೆ ಮಾತ್ರ ಅಂದಿಗೇ ನಿಲ್ಲುತ್ತದೆ. ನಷ್ಟವಾಗಿಲ್ಲವೆಂದಲ್ಲ. ಮೊದಲ ವರ್ಷದ ಕಡಿತಗಳು ಹೋದವು, ಹಣ ಐದು ವರ್ಷ ಸಿಕ್ಕಿಬಿದ್ದಿತು. ಆದರೂ ಭಯಪಟ್ಟು ಕೈಲಾಗದ ಕಂತುಗಳನ್ನು ಸಾಲ ಮಾಡಿ ಕಟ್ಟುವುದಕ್ಕಿಂತ ಸತ್ಯವನ್ನು ಅರಿತು ನಿಲ್ಲುವುದು ಲೇಸು. ಬಾಂಡು ಬಂದ ಮೂವತ್ತು ದಿನಗಳಲ್ಲಿ ಓದಿದ್ದರೆ ಆ ನಷ್ಟವೂ ಆಗುತ್ತಿರಲಿಲ್ಲ.

ಆರನೆಯದು ರಿಯಾಯಿತಿ ದಿನಗಳು ಮತ್ತು ಪುನಶ್ಚೇತನ. ಕಂತಿನ ದಿನ ತಪ್ಪಿದರೆ 30 ದಿನಗಳ, ತಿಂಗಳ ಕಂತಾದರೆ 15 ದಿನಗಳ ರಿಯಾಯಿತಿ ಇದೆ. ಆ ದಿನಗಳಲ್ಲಿ ಜೀವರಕ್ಷಣೆ ಕೆಡುವುದಿಲ್ಲ. ಪಾಲಿಸಿ ನಿಂತುಹೋದರೂ, ಮೊದಲು ತಪ್ಪಿದ ಕಂತಿನ ದಿನದಿಂದ ಮೂರು ವರ್ಷಗಳೊಳಗೆ ಬಾಕಿ ಕಟ್ಟಿ ಮರಳಿ ಚಾಲನೆಗೆ ತರಬಹುದು. ಮಳೆ ಕೈಕೊಟ್ಟ ವರ್ಷ ಕಂತು ತಪ್ಪುವ ರೈತ ಕುಟುಂಬಗಳು ಇದನ್ನು ನೆನಪಿಡಬೇಕು.

ಏಳನೆಯದು ಸತ್ಯ ನುಡಿಯುವ ಹೊಣೆ. ಇಲ್ಲಿಯವರೆಗೆ ಸಂಸ್ಥೆಯ ಕರ್ತವ್ಯಗಳನ್ನು ಕಂಡೆವು, ನಮ್ಮ ಕರ್ತವ್ಯವೂ ಉಂಟು. 1938ರ ವಿಮಾ ಕಾಯಿದೆಯ 45ನೆಯ ಕಲಮಿನ ಪ್ರಕಾರ ಮೂರು ವರ್ಷ ಪೂರೈಸಿದ ಪಾಲಿಸಿಯನ್ನು ಸಂಸ್ಥೆಯು ಯಾವ ಕಾರಣದಿಂದಲೂ ಪ್ರಶ್ನಿಸಲಾಗದು. ಮೊದಲು ಎರಡು ವರ್ಷದ ಅವಧಿಯಿದ್ದು, ಅದರ ನಂತರವೂ ವಂಚನೆಯ ಆರೋಪಕ್ಕೆ ಎಡೆಯಿತ್ತು. 2015ರ ತಿದ್ದುಪಡಿಯು ಈ ಪೂರ್ಣ ರಕ್ಷಣೆಯನ್ನು ಕೊಟ್ಟಿತು. ಆದರೆ ಆ ಮೂರು ವರ್ಷಗಳೊಳಗೆ, ಮುಖ್ಯ ಸಂಗತಿಯನ್ನು ಮುಚ್ಚಿಟ್ಟದ್ದು ಕಂಡರೆ ಹಣವನ್ನು ನಿರಾಕರಿಸುವ ಅಧಿಕಾರ ಸಂಸ್ಥೆಗೆ ಇದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ಚಿಕಿತ್ಸೆ, ತಂಬಾಕಿನ ಚಟ ಇವನ್ನು ಮುಚ್ಚಿಡಬಾರದು. “ಅದೆಲ್ಲಾ ಬರಿಯೂದು ಬ್ಯಾಡ್ರಿ, ನಾ ನೋಡ್ಕೋತೀನಿ” ಎಂದು ಏಜೆಂಟನು ಹೇಳಿದರೆ ಒಪ್ಪಬಾರದು. ಹಣ ಬೇಕಾದ ದಿನ ಆತ ಎಲ್ಲಿರುತ್ತಾನೋ ಬಲ್ಲವರಾರು? ಅರ್ಜಿ ಇಂಗ್ಲಿಷಿನಲ್ಲಿದ್ದರೆ ಪ್ರತಿ ಪ್ರಶ್ನೆಯನ್ನೂ ಕನ್ನಡದಲ್ಲಿ ಓದಿಸಿ ಕೇಳಿರಿ. ಖಾಲಿ ಅರ್ಜಿಗೆ ಸಹಿ ಹಾಕುವುದು ಬರೆಯದ ಖರೀದಿಪತ್ರಕ್ಕೆ ಸಹಿ ಹಾಕಿದಂತೆಯೇ ಸರಿ. ಮೊದಲ ಕಂತಿನಲ್ಲಿ ತನ್ನ ಕಮಿಷನ್ನನ್ನು ಬಿಟ್ಟುಕೊಡುವೆನೆಂಬ ಆಮಿಷಕ್ಕೂ ಒಳಗಾಗಬಾರದು. ಅಂತಹ ರಿಯಾಯಿತಿಯನ್ನು ಕೊಡುವುದನ್ನೂ ಪಡೆಯುವುದನ್ನೂ ಅದೇ ಕಾಯಿದೆಯ 41ನೆಯ ಕಲಮು ನಿಷೇಧಿಸಿದೆ.

ಎಂಟನೆಯದು ನಾಮನಿರ್ದೇಶನ. ತಂದೆತಾಯಿ, ಪತಿ ಅಥವಾ ಪತ್ನಿ, ಮಕ್ಕಳು ಇವರಲ್ಲಿ ಯಾರನ್ನಾದರೂ ನಾಮಿನಿ ಮಾಡಿದ್ದರೆ, 2015ರ ತಿದ್ದುಪಡಿಯಾದ 39ನೆಯ ಕಲಮಿನಂತೆ, ಅವರು ಆ ಹಣದ ಹಕ್ಕುಳ್ಳ ಫಲಾನುಭವಿಗಳಾಗುತ್ತಾರೆ, ಬರಿಯ ಪಾಲಕರಲ್ಲ. ನಾಮಿನಿಯು ಅಪ್ರಾಪ್ತ ವಯಸ್ಸಿನವನಾದರೆ, ಅವನ ಪರವಾಗಿ ಹಣ ಪಡೆಯುವ ಹಿರಿಯರೊಬ್ಬರ ಹೆಸರನ್ನೂ ಬರೆಸಬೇಕು. ಮದುವೆಗೆ ಮುಂಚೆ ತಂದೆಯ ಹೆಸರು ಬರೆಸಿದ ಯುವಕನು, ತಂದೆ ಲಿಂಗೈಕ್ಯರಾಗಿ ಹತ್ತು ವರ್ಷವಾದರೂ ಅದನ್ನು ಬದಲಿಸದೆ ಇರುವುದುಂಟು. ಅವನ ಹೆಂಡತಿ ಮಕ್ಕಳು ಮುಂದೆ ಉತ್ತರಾಧಿಕಾರದ ಪ್ರಮಾಣಪತ್ರಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಬೇಕಾದೀತು. ಒಂದು ಅರ್ಜಿಯಿಂದ ಇದು ಸರಿಹೋಗುತ್ತದೆ.

ಕೊನೆಯದು ದೂರಿನ ದಾರಿ. ಎಲ್ಲಿ ದೂರು ಕೊಡಬೇಕೆಂಬ ವಿವರವೂ ಕರಾರಿನಲ್ಲಿಯೇ ಇರಬೇಕು. ಮೊದಲು ಸಂಸ್ಥೆಗೆ ಬರಹದಲ್ಲಿ ದೂರಿಡಬೇಕು, ಅದರ ನಕಲನ್ನೂ ಸ್ವೀಕೃತಿಯನ್ನೂ ಕಾದಿಡಬೇಕು. ನಿಯಂತ್ರಣ ಪ್ರಾಧಿಕಾರದ 155255 ಎಂಬ ಉಚಿತ ದೂರವಾಣಿಗೂ ಹೇಳಿಕೊಳ್ಳಬಹುದು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ವಿಮಾ ಓಂಬುಡ್ಸ್‌ಮನ್ ಅವರಿಗೆ ಒಂದು ವರ್ಷದೊಳಗೆ ಮನವಿ ಸಲ್ಲಿಸಬಹುದು. ಕರ್ನಾಟಕಕ್ಕೆ ಸಂಬಂಧಿಸಿದ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. 50 ಲಕ್ಷ ರೂಪಾಯಿಗಳವರೆಗಿನ ಪರಿಹಾರವನ್ನು ಅವರು ವಿಧಿಸಬಲ್ಲರು. ಸುಳ್ಳು ಹೇಳಿ ಪಾಲಿಸಿ ಮಾರಿದ ಪ್ರಕರಣಗಳನ್ನೂ ಅಲ್ಲಿ ಎತ್ತಬಹುದು. ಆದರೆ ಬಾಯಿಮಾತಿಗೆ ಸಾಕ್ಷಿ ದೊರೆಯುವುದು ಕಷ್ಟ. ಆದುದರಿಂದ ಏಜೆಂಟನು ಹೇಳುವ ಭರವಸೆಗಳನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಕೊಡಲು ಕೇಳಿರಿ. ಸತ್ಯವಂತನು ಬರೆದುಕೊಡುವನು. ಹಿಂಜರಿದರೆ ಅದೇ ಉತ್ತರವೆಂದು ತಿಳಿಯಿರಿ.

ಬಂಧುಗಳೇ, ಯೂನಿಟ್ ಆಧಾರಿತ ವಿಮೆ ಕೆಟ್ಟದ್ದೆಂದು ಇದರ ಅರ್ಥವಲ್ಲ. ಹದಿನೈದು ಇಪ್ಪತ್ತು ವರ್ಷ ಕಾಯುವ ತಾಳ್ಮೆಯೂ, ಏರಿಳಿತವನ್ನು ಸಹಿಸುವ ಶಕ್ತಿಯೂ, ನಿಂತ ಆದಾಯವೂ ಉಳ್ಳ ಕಿರಿಯರಿಗೆ ಅದು ಹೊಂದಬಹುದು. ಕಾಯಕದಿಂದ ಬಂದ ಮುಪ್ಪಿನ ಗಂಟನ್ನು ನೆಚ್ಚಿದವರು ನೂರು ಬಾರಿ ಯೋಚಿಸಬೇಕು. ಯಾರೇ ಆಗಲಿ, ಓದದೆ ಒಪ್ಪಬಾರದು. ಕಾನೂನು ನಮಗಾಗಿ ಇಷ್ಟೆಲ್ಲ ಮಾತುಗಳನ್ನು ಕರಾರಿನಲ್ಲಿ ಬರೆಸಿದೆ, ಆದರೆ ನಮ್ಮ ಪರವಾಗಿ ಅದನ್ನು ಓದಲಾರದು. ಆ ಕೆಲಸ ನಮ್ಮದೇ.

ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ ಒಂದು ಉಪಕಾರ ಮಾಡಿಕೊಳ್ಳಿರಿ. ಮನೆಯ ಪೆಟ್ಟಿಗೆಯನ್ನು ತೆರೆದು ಬಾಂಡುಗಳನ್ನು ಹೊರಗೆ ತೆಗೆಯಿರಿ. ಓದುಬರಹ ಬಲ್ಲ ಮಗಳನ್ನೋ ಮೊಮ್ಮಗನನ್ನೋ ಹತ್ತಿರ ಕೂಡಿಸಿಕೊಂಡು, ಪಾಲಿಸಿಯ ಹೆಸರು, ಕಂತಿನ ವರ್ಷಗಳು, ವಿಮಾಮೊತ್ತ, ನಾಮಿನಿ ಈ ನಾಲ್ಕನ್ನು ಒಂದು ವಹಿಯಲ್ಲಿ ಬರೆಸಿರಿ. ಆ ವಹಿ ಎಲ್ಲಿದೆ ಎಂಬುದು ಮನೆಯಾಕೆಗೆ ತಿಳಿದಿರಲಿ. ಬಾಂಡು ಬಂದು ಇನ್ನೂ ಮೂವತ್ತು ದಿನವಾಗಿರದಿದ್ದರೆ, ಅದನ್ನು ಇಂದೇ ಓದಿರಿ.